ಕಾಂಟಾ ಎಲ್ಲೈತ್ರಿ

ಸುಂಕಲಮ್ಮ ಬಣ್ಣ ಹಚ್ಚುತ್ತಿರಲಿಲ್ಲ.
ಅವಳಪ್ಪ ಹಚ್ಚುತ್ತಿದ್ದ: ನೀಲಿ ಮುಖದ ರಾಮ, ಅರದಾಳ ಬಳಿದ ಹನುಮ,
ದೇಶನೂರು ರಸ್ತೆಯುದ್ದಕ್ಕೂ ಗೆಜ್ಜೆ,
ಹಿಂದೆ ಹಾರ್ಮೋನಿಯಂ ಹೊತ್ತ ತಮ್ಮ, ಅವನ ಹಿಂದೆ ನಾವು ಹುಡುಗರು.
ಹೆಣ್ಣುಮಕ್ಕಳಿಗೆ ವೇಷವಿಲ್ಲ,
ಜೋಳಿಗೆ ಹೊರುವುದಷ್ಟೆ.

ಅಪ್ಪ ಸತ್ತ ವರ್ಷ ಪೆಟ್ಟಿಗೆ ತೆರೆದಳು.
ಕಿರೀಟಕ್ಕೆ ಗೆದ್ದಲು. ಹನುಮನ ಬಾಲ ಮಾತ್ರ ಗಟ್ಟಿ,
ಅದರಿಂದಲೇ ತನ್ನ ಗಂಟು ಕಟ್ಟಿಕೊಂಡು
ಊರೂರು ಹೊರಟಳು.

ನಾನಾಗ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ.
ಹಗಲು ಹನ್ನೊಂದು. ಹೊಟ್ಟಿನ ಧೂಳು ಬಿಸಿಲಲ್ಲಿ ನಿಂತೇ ಇತ್ತು.
ಇಸ್ತ್ರಿ ಸೀರೆ, ಕಂಕುಳಲ್ಲಿ ಫೈಲು, ಕನ್ನಡಕ.
"ಕಾಂಟಾ ಎಲ್ಲೈತ್ರಿ?" ಎಂದಳು.
ಅಷ್ಟೇ.
ನಾನು ಎದ್ದು ನಿಂತೆ. ಯಾಕೆ ನಿಂತೆನೋ.
ತಟ್ಟೆ ಎತ್ತಿ, ಅಡಿಗೆ ಅಂಟಿಸಿದ್ದ ಹುಣಸೆಹಣ್ಣನ್ನು
ಉಗುರಿನಿಂದ ಕೆರೆದು ಮೂಸಿದಳು.
ಸಾಹುಕಾರ ವಿರೂಪಣ್ಣ ಸೋಡಾ ತರಿಸಿದರು, ಲಕೋಟೆ ತರಿಸಿದರು.
ಸೋಡಾ ಕುಡಿದಳು.
ಹಮಾಲರು ಚೀಲ ಇಳಿಸುವುದನ್ನೂ ಮರೆತು
ಬೆನ್ನ ಮೇಲಿಟ್ಟುಕೊಂಡೇ ನೋಡಿದರು.

ಅದೇ ವಾರ
ಆಸ್ಪತ್ರೆಯಲ್ಲಿ ಯಾರೋ ಹೊಸ ನರ್ಸಮ್ಮ
ಸಾಲಿನ ಕಟ್ಟಕಡೆಯವರನ್ನು ಮೊದಲು ಕರೆದಳಂತೆ.
ಠಾಣೆಯ ಬೆಂಚಿನ ಮೇಲೆ ಒಬ್ಬ ಹೆಂಗಸು
ಸಂಜೆತನಕ ಸುಮ್ಮನೆ ಕೂತಿದ್ದಳಂತೆ.
ಹೆದರಿದ್ದು ಪೊಲೀಸರು.

ಐದನೇ ದಿನ ಬರಿಗಾಲಲ್ಲಿ ಬಂದಳು, ಜೋಳಿಗೆ ಹಿಡಿದು.
ಪದ್ಧತಿ ಹಾಗೆ, ಕೊನೆಗೆ ಕಳಚಿ ಕೇಳಬೇಕು.
"ಮೊನ್ನಿ ಸೋಡಾ ಕುಡಿದಾಕಿ ನಾನೇ ರೀ, ಯಜಮಾನ್ರ.
ಗುರ್ತು ಹಿಡಿದಿದ್ರ ಏನೂ ಕೊಡಬ್ಯಾಡ್ರಿ."
ಸಾಹುಕಾರರು ಬೈದರು, ಬಜಾರಿನ ತನಕ ಕೇಳುವಂತೆ ಬೈದರು,
ದಣಿದು, ಒಂದು ಚೀಲ ಅಕ್ಕಿ ಕೊಟ್ಟರು.
ತೂಗಿಸಿಯೇ ಒಯ್ದಳು.

ಕಲಾವಿದರ ಮಾಸಾಶನಕ್ಕೆ ಅರ್ಜಿ ಬರೆದುಕೊಟ್ಟವನು ನಾನು.
ವೇಷದ ಫೋಟೋ ಲಗತ್ತಿಸಿದೆವು.
ವಾಪಸು ಬಂತು: "ಇದು ಯಾವುದೋ ಅಧಿಕಾರಿಯವರ ಭಾವಚಿತ್ರ.
ಅರ್ಜಿದಾರರದನ್ನು ಕಳಿಸುವುದು."
ಆ ಕಾಗದವನ್ನು ಅವಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.
ಅವಳಿಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಹೋಗಿ ಒಂಬತ್ತು ವರ್ಷ.
ಹುಣಸೆಹಣ್ಣು ಮತ್ತೆ ಅಂಟಿತು, ಸುಳ್ಳೇಕೆ ಹೇಳಲಿ.
ಆದರೆ ಮೊನ್ನೆ, ಕೂಲಿ ಬಾಕಿಗೆ ಬಂದ ಹಮಾಲಿ ಹುಸೇನಮ್ಮ
ಎಂದಿನಂತೆ ಮೆಟ್ಟಿಲ ಕೆಳಗೆ ಕೂರಲಿಲ್ಲ.
ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು
"ಲೆಕ್ಕದ ಬುಕ್ಕು ಎಲ್ಲೈತ್ರಿ?" ಎಂದಳು.

ಮಂಡಿ ನೋವು ನನಗೆ ಈಗ.
ಆದರೂ ಎದ್ದೆ.