ಸೀಸಕ್ಕೆ ಬಾಗಲು ಬಾರದು

ವರ್ಷವಿಡೀ ನಾನು ತೂಗುವುದು ಮೀನು.
ಸೋಲ್, ಸೀಗಡಿ, ಐಸು ಕರಗಿದ ಮೇಲೆ ಇನ್ನೊಮ್ಮೆ ಸೋಲ್.
ಜೂನಿನಲ್ಲಿ ಎರಡು ದಿನ ಮಾತ್ರ
ದ್ವೀಪ ಸುತ್ತುವ ರೇಸಿನವರು ಅದೇ ತಕ್ಕಡಿ ಹತ್ತುತ್ತಾರೆ,
ಬರಿಗಾಲಲ್ಲಿ, ಉಸಿರು ಬಿಗಿಹಿಡಿದು,
ಉಸಿರಿಗೂ ತೂಕವಿದೆ ಎಂಬಂತೆ.

ಜೋಡಿಗೆ ನೂರ ಮೂವತ್ತು ಕಿಲೋ. ಅದು ನಿಯಮ.
ಕಡಿಮೆ ಬಿದ್ದದ್ದಕ್ಕೆ ಸೀಸ.
ಬೌಕೆ ಅರವತ್ತೇಳು. ತಂಗಿ ಯಿಟ್ಸ್ಕೆ ಐವತ್ತೊಂದು.
ರಾತ್ರಿ ಹತ್ತು ಪ್ಯಾನ್‌ಕೇಕ್ ತಿಂದರಂತೆ, ಪಾಕ ಸುರಿದು.
"ಎಲ್ಲಿ ಹೋಯಿತೋ" ಅಂದಳು, ಹೊಟ್ಟೆ ಸವರಿಕೊಂಡು.
ಹನ್ನೆರಡು ಕಿಲೋ ಎಣಿಸಿ ಕೊಟ್ಟೆ, ಸಹಿ ಹಾಕಿಸಿಕೊಂಡೆ.

ಹಿಂದೆಯೇ ಡೌವೆ, ಸಿಪ್ಕೆ. ಆಲೂಗಡ್ಡೆ ಲಾರಿಯವರು.
ತಕ್ಕಡಿ ನರಳಿತು: ನೂರ ಎಪ್ಪತ್ತೊಂಬತ್ತು.
ನಿನ್ನೆ, ಧ್ವಜ ಜೋತುಬಿದ್ದ ಮಧ್ಯಾಹ್ನ,
ಇವರ ದೋಣಿ ಪಾಕಕ್ಕೆ ಬಿದ್ದ ನೊಣದಂತೆ ಕಡಲಿಗೆ ಅಂಟಿಕೊಂಡಿತ್ತು.
ಆ ಮಕ್ಕಳು ಪಕ್ಕದಿಂದ ಸದ್ದಿಲ್ಲದೆ ಜಾರಿಹೋದರು,
ಸೀಸ ಹೊತ್ತೂ.

ಇವತ್ತು ಬೇರೆ.
ವಾಯವ್ಯದಿಂದ ಬೀಸಿ ಶೆಡ್ಡಿನ ತಗಡು ಬಡಿಯುತ್ತಿದೆ.
ಇಪ್ಪತ್ತೆರಡು ನಾಟ್, ಅಂದ ಧ್ವಜದ ಹುಡುಗ.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಅದು ರಾಶಿ ಇದ್ದವರಿಗೆ.
ತಾವೇ ಹೊಟ್ಟಾದವರು ಏನು ಮಾಡಬೇಕು?

ಮರಳ ದಿಬ್ಬ ಹತ್ತಿ ನೋಡಿದೆ.
ಎರಡು ಒಡಲಿನ ದೋಣಿ;
ಗಾಳಿಯ ಕಡೆಯದು ಗೇಣು ಮೇಲೆದ್ದರೆ ವೇಗ,
ಮಾರು ಎದ್ದರೆ ಮಗುಚು.
ತಂತಿಗೆ ಜೋತು ಯಿಟ್ಸ್ಕೆ, ಅಂಗಾಲು ಅಂಚಿಗೆ ಒತ್ತಿ,
ಬೆನ್ನು ಅಲೆಗೆ ತಾಗುವಷ್ಟು ಹಿಂದಕ್ಕೆ ಚಾಚಿ,
ತಲೆಯನ್ನೂ, ಜಡೆಯನ್ನೂ ಹೊರಗೆ ಎಸೆದು,
ಪಕ್ಕದಲ್ಲಿ ಬೌಕೆ, ಚುಕ್ಕಾಣಿಯ ಕೋಲು ಹಿಡಿದು.
ಸಾಲಲಿಲ್ಲ.
ಹಾಯಿ ಸಡಿಲಿಸಿದರು, ಗಾಳಿ ಚೆಲ್ಲಿದರು,
ಬೇಕಾಗಿದ್ದ ಗಾಳಿಯನ್ನೇ ಚೆಲ್ಲಿದರು.
ನಾನು ಕೊಟ್ಟ ಹನ್ನೆರಡು ಕಿಲೋ
ಅಡ್ಡತೊಲೆಗೆ ಕಟ್ಟಿಸಿಕೊಂಡು ಸುಮ್ಮನೆ ಕೂತಿತ್ತು.
ಸೀಸಕ್ಕೆ ಬಾಗಲು ಬಾರದು.

ಲಾರಿಯವರು ನೆಟ್ಟಗೆ ಹೋದರು, ಗೆರೆ ಎಳೆದ ಹಾಗೆ.
ಡೌವೆಯ ಬೆನ್ನು ನನಗೆ ಇಲ್ಲಿಂದಲೂ ಕಾಣುತ್ತಿತ್ತು.

ಸಂಜೆ ಅವಳೇ ಸೀಸ ವಾಪಸು ತಂದಳು.
ಹದಿನೇಳನೆಯವರಂತೆ. ಅಂಗೈ ಕಿತ್ತುಹೋಗಿತ್ತು.
ನಾನು ಹೇಳದೆಯೇ ತಕ್ಕಡಿ ಹತ್ತಿದಳು,
ತೊಟ್ಟಿಕ್ಕುವ ಉಡುಪಿನಲ್ಲೇ.
ಐವತ್ತನಾಲ್ಕು.
"ನೋಡಿ," ಅಂದಳು, "ಮೂರು ಕಿಲೋ ಕಡಲು."

ಅದನ್ನು ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ.
ಅವಳು ಹೋದ ಮೇಲೂ
ತಟ್ಟೆಯ ಮೇಲೆ ಚೂರು ನೀರು ಉಳಿದಿತ್ತು, ಮುಳ್ಳು ನಡುಗುತ್ತಿತ್ತು.
ಒರೆಸಿ, ಸೊನ್ನೆಗೆ ತಂದೆ.
ನಾಳೆ ಸೋಲ್ ಬರುತ್ತದೆ.