ಹಿಟ್ಟು ಹತ್ತಿದ ಚೀಟಿಗಳು

ಕುತಾಯಿಸಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ಎದ್ದಿರುವವರು ಮೂರೇ ಮಂದಿ:
ನಾನು, ರಿಯೋನಿ ಹೊಳೆ,
ಮತ್ತೆ ನನ್ನ ಬೇಕರಿಯಲ್ಲಿ ಹಿಟ್ಟು ನಾದುವ ನೆಸ್ತಾನಿ.

ಹೊಳೆಗೆ ಪರೀಕ್ಷೆಯಿಲ್ಲ.
ನನಗೆ ದಿನವೂ ಇದೆ; ಆರು ಗಂಟೆಗೆ ಬಾಗಿಲಲ್ಲಿ ನಿಲ್ಲುವ ಮುದುಕಿಯರು
ರೊಟ್ಟಿಯ ಬೆನ್ನು ತಟ್ಟಿ ಅಂಕ ಕೊಡುತ್ತಾರೆ.
ಇವಳಿಗೆ ಮಾರ್ಚ್ ಹನ್ನೊಂದಕ್ಕೆ, ತ್ಬಿಲಿಸಿಯಲ್ಲಿ,
ಒಂದು ಕಂಪ್ಯೂಟರಿನ ಮುಂದೆ.

ಹೊಳೆ ಹೊತ್ತು ತರುವ ಮರಳನ್ನು ಅಳೆಯುವ ವಿದ್ಯೆ ಕಲಿಯಬೇಕಂತೆ.
ಲೆಕ್ಕದ ಭಾಗ ಅವಳಿಗೆ ನೀರು ಕುಡಿದಷ್ಟು ಸಲೀಸು.
ಮರಳು ಅಳೆಯುವವಳಿಗೆ
ಇಂಗ್ಲಿಷಿನ ಇಷ್ಟೊಂದು ಬೈಗುಳ ಯಾಕೆ ಗೊತ್ತಿರಬೇಕು?
ಬೈಗುಳ ಅಲ್ಲ ಬೆಝಾನ್ ಚಿಕ್ಕಪ್ಪ, ವಿಶೇಷಣ, ಅಂದಳು.

ಎರಡು ಲಿಪಿ ಓದಬಲ್ಲೆ. ಈ ಮೂರನೆಯದು ನನಗೆ ಇರುವೆಯ ಸಾಲು.
ಆದರೂ ಚೀಟಿ ಹಿಡಿಯುವ ಕೆಲಸ ನನ್ನದೇ,
ಒಂದು ಕೈಯಲ್ಲಿ ಉಂಡೆ, ಇನ್ನೊಂದರಲ್ಲಿ ಪದ.
ಸರಿಯೋ ತಪ್ಪೋ ನನಗೆ ಹೇಗೆ ಗೊತ್ತು?
ಗೊತ್ತಾಗುತ್ತದೆ.
ಬರುವ ಪದಕ್ಕೆ ಅವಳ ಕೈ ನಾದುವುದನ್ನು ನಿಲ್ಲಿಸುವುದಿಲ್ಲ.
ಬಾರದ್ದಕ್ಕೆ ಮೂಗಿಗೆ ಹಿಟ್ಟು ಹತ್ತುತ್ತದೆ.

ತೋನೆಯ ಬಾಯೊಳಗೆ ಸೊಂಟದವರೆಗೂ ಬಗ್ಗಿ
ಗೋಡೆಗೆ ಹಿಟ್ಟು ಬಡಿಯುವವನಿಗೆ ಇಷ್ಟು ತಿಳಿದಿದೆ:
ಗೋಡೆ ತಣ್ಣಗಿದ್ದರೆ ಜಾರುತ್ತದೆ,
ಹಿಟ್ಟು ಒಣಗಿದ್ದರೆ ಕಳಚಿ ಕೆಂಡಕ್ಕೆ.
ಪದವೂ ಹಾಗೇ. ಅದಕ್ಕೇ ಒಂದೊಂದನ್ನೂ
ನಮ್ಮ ಬೀದಿಯ ಒಬ್ಬೊಬ್ಬರಿಗೆ ಬಡಿದೆವು.

ಲಕಾನಿಕ್ ಅಂದರೆ ಹಿಟ್ಟಿನ ಲಾರಿಯ ಶಾಕ್ರೊ,
ಹನ್ನೆರಡು ವರ್ಷದಲ್ಲಿ 'ಇಳಿಸು' ಬಿಟ್ಟರೆ ಬೇರೆ ಮಾತಿಲ್ಲ.
ಗ್ಯಾರುಲಸ್, ಅವನ ಹೆಂಡತಿ.
ಪಾರ್ಸಿಮೋನಿಯಸ್, ಮೂರನೇ ಮಹಡಿಯ ಎಲಿಕೊ:
ಅರ್ಧ ರೊಟ್ಟಿ ಕೊಂಡು, ಉಳಿದರ್ಧ ಮಾರದಿದ್ದರೆ
ಸಂಜೆ ಕಮ್ಮಿಗೆ ಕೊಡುತ್ತೀಯಾ ಅನ್ನುವವಳು.
ಆಬ್‌ಡ್ಯುರೇಟ್ ಯಾರು ಅಂದರೆ ಹೇಳಲಿಲ್ಲ.
ನನ್ನ ಕಡೆ ನೋಡಿ ನಕ್ಕಳು.

ಒಂದು ಚೀಟಿಗೆ ಜಗಳವೇ ಆಯಿತು. ಕ್ಲೀವ್.
ಅಂಟಿಕೊಳ್ಳುವುದು, ಅಂದಳು.
ತಿರುಗಿಸಿ, ಸೀಳಿ ಬೇರೆ ಮಾಡುವುದು ಅಂತಲೂ ಓದಿದಳು.
ಇದೆಂಥ ಭಾಷೆ, ಎರಡು ದೋಣಿಯಲ್ಲಿ ಕಾಲಿಟ್ಟದ್ದು!
ಅಂದೆನೇ ಹೊರತು, ಕೊಕ್ಕೆ ಹಾಕಿ
ಮೊದಲ ಶೋತಿಯನ್ನು ಎಬ್ಬಿಸುವಾಗ ಕೈ ತಡೆಯಿತು.
ಹಿಡಿದದ್ದೂ ಇದೇ ಗೋಡೆ, ಬಿಟ್ಟದ್ದೂ ಇದೇ.
ಅವಳಿಗೆ ಹೇಳಲಿಲ್ಲ.

ಆಮೇಲೆ ಗದ್ಯದ ರಗಳೆ.
ಪುಸ್ತಕದ ನಿಯಮ: ಬರೆದದ್ದಷ್ಟನ್ನೇ ನಂಬು,
ನಿನಗೆ ಗೊತ್ತಿರುವುದನ್ನು ಬಾಗಿಲ ಹೊರಗೆ ಬಿಟ್ಟು ಬಾ.
ಅದೇನು ಚಪ್ಪಲಿಯಾ? ಅಂದೆ.

ಮಾರ್ಚ್ ಹನ್ನೊಂದು. ಫೋನು ಬಂದಾಗ ಮಧ್ಯಾಹ್ನ ಎರಡು.
ಇನ್ನೂರ ನಲವತ್ತು ಚೀಟಿಯಲ್ಲಿ ಬಂದದ್ದು ಏಳು.
ಶಾಕ್ರೊ ಬರಲಿಲ್ಲ. ಎಲಿಕೊ ಬಂದಿದ್ದಳಂತೆ.
ಕೊನೆಗೆ ಒಂದು ಗದ್ಯ: ಹಳೆಯ ಕಾಲದ ಮಣ್ಣಿನ ಒಲೆಗಳು.
ಹಿಟ್ಟು ಗೋಡೆಗೆ ಅಂಟುವುದು, ಬರೆದವನ ಪ್ರಕಾರ,
ಎಣ್ಣೆ ಸವರುವುದರಿಂದ.

"ಎಣ್ಣೆ!" ಕೂಗಿದೆ.
"ನಾನೂ ಕೂಗಿದೆ ಚಿಕ್ಕಪ್ಪ, ಮನಸ್ಸಿನಲ್ಲೇ,
ನಾಲ್ಕು ನಿಮಿಷ."
ಉಳಿದ ಮೂರು ಪ್ರಶ್ನೆ ನೋಡುವಷ್ಟರಲ್ಲಿ ಸಮಯ ಮುಗಿಯಿತು.

ಬೇಕಿದ್ದ ಅಂಕಕ್ಕೆ ಎರಡು ಕಮ್ಮಿ.
ಬೈಯಬೇಕಿತ್ತು. ಪಕ್ಕದಂಗಡಿಯ ಮಾಕ್ವಾಲಳಿಗೆ
ಆ ಎಣ್ಣೆಯ ಕತೆ ಹೇಳಿದೆ,
ಸಂಜೆಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ,
ಲಾರಿ ತಂದ ಶಾಕ್ರೊಗೂ.
ಮೂಟೆ ಹೊತ್ತವನು ಹಾಗೇ ನಿಂತ.
"ಎಣ್ಣೆಯಾ?" ಅಂದ.

ಇಪ್ಪತ್ತೊಂದು ದಿನ ಬಿಟ್ಟು ಮತ್ತೆ ಕೂರಬಹುದಂತೆ.
ಇವತ್ತು ನಾಲ್ಕಕ್ಕೆ ಬಂದಳು, ಹೊಸ ಕಟ್ಟು ಹಿಡಿದು.
ಮೇಲಿನ ಚೀಟಿ ಇಂಗ್ಲಿಷಿನದಲ್ಲ,
ನನಗೂ ಓದಬರುವ ಅಕ್ಷರ:
ಎಣ್ಣೆ ಅಂದರೆ ಎಣ್ಣೆ. ಮುಂದೆ ಹೋಗು.

ಬೆರಳ ತುದಿಯಷ್ಟು ಹಸಿಹಿಟ್ಟು ಹಚ್ಚಿ
ಅದನ್ನು ತಕ್ಕಡಿಯ ಪಕ್ಕ ಗೋಡೆಗೆ ಬಡಿದೆ.