ಒಂದು ನಿಮಿಷ

ಚೇಳೂರಿನ ಶಾಲೆ. ಬಿಸಿಯೂಟಕ್ಕೆ ಮುಂಚೆ
ಮೂರನೇ ಕ್ಲಾಸಿನ ಗಂಗುಲಮ್ಮ ಎದುರು ಕೂತಳು.
ಗಡಿಯಾರ ಒತ್ತಿದೆ.

‘ಅಜ್ಜಿಗೆ’... ಜಕಾರದ ಬುಡದ ಒತ್ತನ್ನು
ಬೆರಳಲ್ಲಿ ಮುಟ್ಟಿ, ಉಗುಳು ನುಂಗಿ, ದಾಟಿದಳು.
‘ತುಂಬಾ’ ದಾಟಿದಳು.
‘ಚಿಂತೆ’ಗೆ ಬಂದು ನಿಂತೇಬಿಟ್ಟಳು.
ಕಿಟಕಿಯಾಚೆ ನೋಡಿದಳು. ನಕ್ಕಳು.
ಹದಿನೇಳು ಪದ. ನಿಮಿಷ ಮುಗಿಯಿತು.

ಅಜ್ಜಿಗೇನಾಯಿತಮ್ಮ?
‘ಹುಣಸೆಹಣ್ಣು ಸಿಕ್ತು ಸಾರ್, ಶಾನೆ.’

ತಪ್ಪು ಎಂದು ಗೆರೆ ಎಳೆದೆ.

ಎಂಟನೇ ಕ್ಲಾಸಿನ ಚೌಡರೆಡ್ಡಿ
ಜಲ್ಲಿ ಸುರಿವ ಟಿಪ್ಪರಿನ ಹಾಗೆ ನೂರಾಹನ್ನೆರಡು ಪದ ಸುರಿದು
ಬೆವರೊರೆಸಿಕೊಂಡ.
ಏನಿತ್ತಪ್ಪ ಅದರಲ್ಲಿ?
‘ಇನ್ನೊಂದ್ಸಲ ಓದ್ಲಾ ಸಾರ್?’
ಅವನದು ‘ಉತ್ತಮ’ದ ಕಾಲಂ.

ಕೈ ತೊಳೆಯಲು ಹೊರಬಂದರೆ
ಅಡುಗೆಯ ನರಸಕ್ಕ ಸೌಟು ಎತ್ತಿ ಕೂಗುತ್ತಿದ್ದಳು:
‘ಚಿಂತಚೆಟ್ಟು ಕಿಂದ ಕೂಚೋಂಡ್ರಾ!’
ಮಕ್ಕಳೆಲ್ಲ ತಟ್ಟೆ ಹಿಡಿದು
ಹುಣಸೆಮರದ ನೆರಳಿಗೆ ಓಡಿದರು.

ನಾನು ತುಮಕೂರಿನವನು, ಮನೆಯಲ್ಲಿ ಕನ್ನಡ.
ಆ ಮರವನ್ನು ಅಕ್ಷರ ಅಕ್ಷರ ಕೂಡಿಸಿ
ಓದುತ್ತ ನಿಂತೆ. ಎಷ್ಟು ನಿಮಿಷವೋ,
ಗಡಿಯಾರ ಜೇಬಿನಲ್ಲಿತ್ತು.

ಗಂಗುಲಮ್ಮ ಒಂದು ಕಾಯಿ ಕಚ್ಚಿ, ಕಣ್ಣು ಕಿವುಚಿ,
ಉಳಿದರ್ಧ ನನ್ನತ್ತ ಚಾಚಿದಳು.
ಫಾರಂ ಇನ್ನೂ ಕಂಕುಳಲ್ಲೇ.
ಹಲ್ಲು ಜುಮ್ಮೆಂದಿತು.